ಅರ್ಧ ಬಿಟ್ಟ ಕಾಫಿ

ನಮ್ಮ ಮನೆಗೆ ಇದ್ದದ್ದು ಎರಡು ಕೋಣೆ. ಮೂರನೆಯದಕ್ಕೆ ಚಕ್ರ ಇತ್ತು. ಅಪ್ಪನ ಲಗೇಜ್ ಆಟೋ ಅದು. ಅರಸೀಕೆರೆಯ ರೈಲು ಹಳಿಯ ಹಿಂದಿನ ಬೀದಿಯಲ್ಲಿ ನಮ್ಮ ಮನೆಯ ಗೋಡೆಗೆ ಮೈ ತಾಗಿಸಿಕೊಂಡು ನಿಂತಿರುತ್ತಿತ್ತು. ಮನೆಯೊಳಗೆ ಜಗಳವಾದರೆ ಅಪ್ಪ ಎದ್ದುಹೋಗಿ ಅದರ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ. ನೆಂಟರು ಬಂದ ದಿನ ನಾನು ಅದರ ಹಿಂಭಾಗದಲ್ಲಿ ಚಾಪೆ ಹಾಸಿಕೊಂಡು ಓದುತ್ತಿದ್ದೆ. ಅಜ್ಜಿ ಅದರ ನೆತ್ತಿಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಆಟೋದ ಬಣ್ಣ ಹಸಿರು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಅವ್ವನನ್ನು ಕೇಳಿದರೆ ನೀಲಿ ಅಂದಳು. ಫೋಟೋ ಒಂದೂ ಇಲ್ಲ. ಆದ್ದರಿಂದ ಇಲ್ಲಿ ಆಟೋಗೆ ಬಣ್ಣವಿಲ್ಲ, ಓದುವವರು ಬೇಕಾದ್ದನ್ನು ಬಳಿದುಕೊಳ್ಳಲಿ. ನನಗೆ ಖಚಿತವಾಗಿ ನೆನಪಿರುವುದು ಭಯ ಒಂದೇ. ಆ ಬೇಸಿಗೆ ರಜೆಯ ಉದ್ದಕ್ಕೂ ಅದು ನನ್ನ ಜೊತೆಗಿತ್ತು. ಅದು ಎಲ್ಲಿ ಹುಟ್ಟಿತು ಎಂಬುದೂ ಗೊತ್ತು: ನಮ್ಮ ಅಡುಗೆಮನೆಯ ಹೊಸಿಲಲ್ಲಿ, ಅವ್ವ ಮತ್ತು ಮಾವ ಮಾತಾಡುತ್ತಿದ್ದಾಗ.

ಅಪ್ಪ ಮಾರುಕಟ್ಟೆಯಿಂದ ಕೊಬ್ಬರಿ ಮೂಟೆ ಸಾಗಿಸುತ್ತಿದ್ದ. ಮೂಟೆ ಹೊರುವವರು ಬರದ ಒಂದು ದಿನ ತಾನೇ ಹೊರಲು ಹೋಗಿ ಬೆನ್ನು ಹಿಡಿಯಿತು. ಅಲ್ಲಿಂದ ಮುಂದೆ ಗಾಡಿ ಓಡಿಸಬಲ್ಲ, ಏನನ್ನೂ ಎತ್ತಲಾರ. ಅವ್ವ ಊರಿನ ಒಂದು ಹಾಸ್ಟೆಲಿನಲ್ಲಿ ಅಡುಗೆಯವರ ಕೈಕೆಳಗೆ ತರಕಾರಿ ಹೆಚ್ಚುವ ಕೆಲಸ ಮಾಡುತ್ತಿದ್ದಳು, ಅದೂ ನಿಂತಿತ್ತು. ಆಗ ಅವ್ವನ ಅಣ್ಣ, ಹಾಸನದಲ್ಲಿ ಆಫೀಸಿನ ಕೆಲಸದಲ್ಲಿದ್ದ ನನ್ನ ಸೋದರಮಾವ, ಒಂದು ದಾರಿ ಹುಡುಕಿಕೊಂಡು ಬಂದ. ದೂರದ ಒಂದು ವಸತಿಶಾಲೆಯಲ್ಲಿ ಅಡುಗೆ ಕೆಲಸ. ಅಲ್ಲೇ ಇರಬೇಕು, ತಿಂಗಳಿಗೊಮ್ಮೆ ಮನೆಗೆ ಬರಬಹುದು. ಅಪ್ಪ, ಅಜ್ಜಿ ಇಲ್ಲಿ. ನಾನು ಹಾಸನದಲ್ಲಿ, ಮಾವನ ಮನೆಯಲ್ಲಿ. ನಾಲ್ಕು ಜನ, ಮೂರು ಊರು. ಅವ್ವ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ.

"ಅಣ್ಣಯ್ಯ, ಸ್ಕೂಲು ಶುರುವಾಗೋಗಂಟ ಟೈಮ್ ಕೊಡು. ಗಾಡಿ ಸುಮ್ನೆ ನಿಂತೈತೆ. ಕಾಫಿ ಮಾಡ್ತೀನಿ."

"ಕಾಫೀನಾ? ಎಲ್ಲಿ?"

"ಗಾಡೀಲೇ. ಜನ ಎಲ್ಲವ್ರೋ ಅಲ್ಲಿಗ್ ಹೋಗೋದು."

"ನಡೀಲಿಲ್ಲ ಅಂದ್ರೆ?"

"ನಡೀಲಿಲ್ಲ ಅಂದ್ರೆ ನೀನ್ ಹೇಳ್ದಂಗೆ. ನಾನ್ ಅಲ್ಲಿಗ್ ಹೋಯ್ತೀನಿ, ಇವ್ಳನ್ನ ನೀನ್ ಕರ್ಕಂಡೋಗು."

ಇವಳು ಅಂದರೆ ನಾನು. ಹೊಸಿಲ ಈಚೆ ಕೂತು ಹುರುಳಿ ಆರಿಸುತ್ತಿದ್ದೆ. ಮಾವನ ಮನೆ ಕೆಟ್ಟದ್ದೇನಲ್ಲ, ಅಲ್ಲಿ ಫ್ಯಾನ್ ಇತ್ತು, ನನ್ನ ವಯಸ್ಸಿನ ಮಕ್ಕಳಿದ್ದರು. ಆದರೂ ಆ ಕ್ಷಣದಿಂದ ಕಾಫಿ ನನ್ನ ಪಾಲಿಗೆ ಪಾನೀಯವಾಗಿ ಉಳಿಯಲಿಲ್ಲ. ಅದು ನಡೆದರೆ ಮನೆ ಉಳಿಯುತ್ತದೆ, ನಡೆಯದಿದ್ದರೆ ಇಲ್ಲ.

ಅರಸೀಕೆರೆ ಜಂಕ್ಷನ್ನು. ರೈಲಿಳಿದು ಹತ್ತುವವರಿಗೆ ಕಾಫಿ ಬೇಕೇ ಬೇಕು. ಅದನ್ನು ಬಿಟ್ಟು ಹಳೇಬೀಡಿನವರೆಗೆ ಗಾಡಿ ಓಡಿಸುವುದೇಕೆ ಎಂದು ಇದನ್ನು ಓದುವವರು ಕೇಳಬಹುದು. ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅರಸೀಕೆರೆಯಲ್ಲಿ ನಮ್ಮ ಬೀದಿ ಯಾವುದು, ಆ ಬೀದಿಯಲ್ಲಿರುವವರು ಯಾವ ಜನ ಎಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ತನ್ನ ಹರೆಯದಲ್ಲಿ ಹೋಟೆಲಿನ ಹಿತ್ತಿಲಲ್ಲಿ ನಿಂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದವಳು. "ಎತ್ತರದಿಂದ ಹುಯ್ಯೋರು ಕಣವ್ವಾ, ಅರ್ಧ ಕೈ ಮೇಲೇ ಬೀಳೋದು" ಎಂದು ನಗುತ್ತಾ ಹೇಳುತ್ತಿದ್ದಳು. ಅಪ್ಪನ ಕಾಲಕ್ಕೆ ನಮ್ಮ ಮನೆ ಬುದ್ಧನ ಕಡೆ ತಿರುಗಿತ್ತು. ನಡುಕೋಣೆಯಲ್ಲಿ ಬುದ್ಧನ ಪಟ, ಹುಣ್ಣಿಮೆಗೆ ಮೇಣದಬತ್ತಿ, ಮೂರು ಸಲ ಶರಣು. ಅದೇ ಕೋಣೆಯ ಬಾಗಿಲ ಹಿಂದೆ ಅಜ್ಜಿಯ ಮಾಲೇಕಲ್ಲು ತಿಮ್ಮಪ್ಪನ ಪಟ. ಬಾಗಿಲು ತೆರೆದಿದ್ದಾಗ ತಿಮ್ಮಪ್ಪ ಕಾಣಿಸುತ್ತಿರಲಿಲ್ಲ. ನನ್ನ ಹೆಸರು ಗೌತಮಿ, ಬುದ್ಧನನ್ನು ಸಾಕಿದ ತಾಯಿಯ ಹೆಸರು, ಅದು ಅಪ್ಪ ಇಟ್ಟದ್ದು.

ಗಾಡಿ ಹೊರಡುವ ಹಿಂದಿನ ದಿನ ದೊಡ್ಡ ಜಗಳವೇ ಆಯಿತು. ಹಿಂಭಾಗಕ್ಕೆ ಹಲಗೆ ಬಡಿದು, ಗ್ಯಾಸ್ ಒಲೆ ಕೂರಿಸಿ, ಮುಚ್ಚಿಹೋದ ಹೋಟೆಲೊಂದರಿಂದ ತಂದ ಆಳೆತ್ತರದ್ದೆಂದು ನನಗೆ ಆಗ ಕಂಡ ಕಾಫಿ ಫಿಲ್ಟರನ್ನು ಹಗ್ಗದಲ್ಲಿ ಬಿಗಿದಿದ್ದೆವು. ಅಪ್ಪ ಬಾಗಿಲ ಹಿಂದಿನ ತಿಮ್ಮಪ್ಪನನ್ನು ತೆಗೆದು ತಂದು ಆಟೋದ ಮುಂದಿನ ಗಾಜಿಗೆ ಹಿಡಿದು ನೋಡುತ್ತಿದ್ದ.

"ಇದೊಂದಿದ್ರೆ ಕುಡಿಯೋರ್ಗೆ ಧೈರ್ಯ ಬತ್ತದೆ" ಅಂದ.

"ಕಾಫಿ ಕುಡಿಯಕ್ಕೆ ಧೈರ್ಯ ಯಾಕ್ ಬೇಕು?" ಅಂದಳು ಅವ್ವ. "ನೀವ್ ದಿನಾ ಧೈರ್ಯ ಮಾಡ್ಕಂಡು ಕುಡೀತಿದ್ರಾ?"

"ನಿನ್ ಕೈ ಕಾಫೀಗೆ ಮಾಡ್ಕಬೇಕು."

"ತಿಮ್ಮಪ್ಪನ ತಗೊಂಡೋದ್ರೆ ನಾನ್ಯಾರಿಗೆ ಕೈ ಮುಗೀಲಿ?" ಅಜ್ಜಿ ಒಳಗಿನಿಂದ ಕೂಗಿದಳು. "ಚಕ್ರದಡಿ ನಿಂಬೆಹಣ್ಣಿಡ್ರಿ ಸಾಕು."

ಕೊನೆಗೆ ತಿಮ್ಮಪ್ಪ ಬಾಗಿಲ ಹಿಂದಕ್ಕೆ ಹೋದ. ಬುದ್ಧನೂ ಬರಲಿಲ್ಲ. ಗಾಜಿನ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ 'ಬಿಸಿ ಕಾಫಿ' ಎಂದು ಬರೆದ, ಬೇರೇನೂ ಇಲ್ಲ. ನಿಂಬೆಹಣ್ಣು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಬೆಳಿಗ್ಗೆ ಮುಂದಿನ ಚಕ್ರದ ಕೆಳಗಿತ್ತು. ಅವ್ವ ನೋಡಿದಳು, ತೆಗೆಯಲಿಲ್ಲ.

ನಮ್ಮ ಕೆಲಸ ಹೀಗಿತ್ತು. ನಸುಕಿನಲ್ಲೇ ಅವ್ವ ಬೀದಿಯ ಬೋರ್‌ವೆಲ್ ನಲ್ಲಿಯಿಂದ ನೀರು ತುಂಬಿಸಿ ಕುದಿಸುತ್ತಿದ್ದಳು. ಪುಡಿಯ ಮೇಲೆ ಮೊದಲು ಒಂದೇ ಸೌಟು ನೀರು, ಪುಡಿ ಉಬ್ಬುವವರೆಗೆ ಕಾಯುವುದು, ಆಮೇಲೆ ಸಣ್ಣಗೆ ಸುತ್ತಿ ಸುತ್ತಿ ಹುಯ್ಯುವುದು. ಡಿಕಾಕ್ಷನ್ ಇಳಿಯುವಾಗ ಫಿಲ್ಟರನ್ನು ಯಾರೂ ತಟ್ಟಬಾರದು, ಪಕ್ಕದಲ್ಲಿ ಜೋರಾಗಿ ಮಾತಾಡಲೂಬಾರದು. ಇಳಿದದ್ದನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಬಟ್ಟೆ ಸುತ್ತಿ, ಉಳಿದ ಬಿಸಿನೀರಿನ ಡ್ರಮ್ಮಿನ ಜೊತೆ ಗಾಡಿಗೆ. ದಾರಿ ಸ್ವಲ್ಪ ಸುತ್ತಾದರೂ ಮಾದಿಹಳ್ಳಿಯ ಡೇರಿಗೆ ಹೋಗಿ ಆಗತಾನೇ ಕರೆದ ಹಾಲು ಹಾಕಿಸಿಕೊಳ್ಳುತ್ತಿದ್ದೆವು. ಮೊದಲು ಬೇಲೂರಿಗೆ ಹೋದೆವು, ದೇವಸ್ಥಾನದ ಬೀದಿಯ ತಳ್ಳುಗಾಡಿಯವರು ಇದು ನಮ್ಮ ಜಾಗ ಎಂದು ಎಬ್ಬಿಸಿದರು. ಆಮೇಲೆ ಹಳೇಬೀಡಿನ ಕೆರೆಯ ಪಕ್ಕ, ಬಸ್ತಿಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೊಂಗೆ ಮರ ಸಿಕ್ಕಿತು. ದೇವಸ್ಥಾನ ನೋಡಿ ಬಸದಿ ನೋಡಲು ಹೊರಟವರು ಅಲ್ಲಿ ನಿಲ್ಲುತ್ತಿದ್ದರು. ಪರಿಮಳಕ್ಕೇ ನಿಲ್ಲುತ್ತಿದ್ದರು. ಅವ್ವ ಹಾಲು ಉಕ್ಕಿಸಿ ಡಿಕಾಕ್ಷನ್ ಬೆರೆಸಿ ಎರಡು ಸಲ ಎತ್ತಿ ಹುಯ್ದು ಕೊಡುವಳು. ಅವರು ಒಂದು ಗುಟುಕು ಕುಡಿಯುವರು, ಎರಡನೆಯದು ಕುಡಿಯುವರು. ಆಮೇಲೆ ಲೋಟವನ್ನು ಹಲಗೆಯ ಮೇಲಿಟ್ಟು ಹೊರಟುಹೋಗುವರು, ಅರ್ಧ ಬಿಟ್ಟು.

ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಬಕೆಟ್ಟಿನಲ್ಲಿ ಲೋಟ ತೊಳೆಯುವ ಕೆಲಸ ನನ್ನದು, ಹಾಗಾಗಿ ಅರ್ಧ ಲೋಟಗಳೆಲ್ಲ ಮೊದಲು ನನ್ನ ಕೈಗೇ ಬರುತ್ತಿದ್ದವು. ಮೊದಲ ದಿನ ಸಕ್ಕರೆ ಹೆಚ್ಚಾಯಿತೇನೋ ಅಂದುಕೊಂಡೆವು. ಎರಡನೆಯ ದಿನ ಕಡಿಮೆ ಹಾಕಿದೆವು. ಮೂರನೆಯ ದಿನ ಅಪ್ಪ ಸೀಟಿನಿಂದಲೇ ತಿರುಗದೆ ಅಂದ.

"ಗೊತ್ತಾಗೋಗೈತೆ ಅವ್ರಿಗೆ."

"ಹೆಂಗ್ ಗೊತ್ತಾಯ್ತದೆ?" ಅವ್ವನ ದನಿ ಸಣ್ಣಗಾಗಿತ್ತು.

"ಗೊತ್ತಾಯ್ತದೆ ಕಣೇ. ಅವ್ರಿಗ್ ಹೆಂಗೋ ಗೊತ್ತಾಯ್ತದೆ."

ಹೇಗೆ ಗೊತ್ತಾಗುತ್ತದೆ ಎಂದು ನಾನು ಹುಡುಕತೊಡಗಿದೆ. ಅವ್ವ ಸೀರೆ ಸಿಕ್ಕಿಸಿಕೊಳ್ಳುವ ರೀತಿಯಲ್ಲೇ? ಅವಳು ಮಾತಾಡುವುದರಲ್ಲೇ? ನನ್ನ ಮೈಬಣ್ಣದಲ್ಲೇ? ಹಣೆಯಲ್ಲಿ ಏನಾದರೂ ಇರಬೇಕಿತ್ತೇ? ಗಾಡಿಯ ಪಕ್ಕದ ಕನ್ನಡಿಯಲ್ಲಿ ನನ್ನನ್ನು ನಾನೇ ಗಿರಾಕಿಯ ಕಣ್ಣಿಂದ ನೋಡಿಕೊಳ್ಳುತ್ತಿದ್ದೆ. ಅಪ್ಪ ಪೇಪರ್ ಲೋಟ ತರೋಣ, ಕುಡಿದು ಎಸೆಯುತ್ತಾರೆ, ಯಾರ ಎಂಜಲೂ ಯಾರಿಗೂ ತಾಗುವುದಿಲ್ಲ ಅಂದ. ಅವ್ವ ಇದ್ದ ಲೋಟಗಳನ್ನೇ ಒರೆಸಿ ಸಾಲಾಗಿ ಇಟ್ಟಳು. ಅಜ್ಜಿಯ ಚಿಪ್ಪು ಅವಳಿಗೆ ನೆನಪಾಗಿರಬೇಕು ಎಂದು ಬರೆಯಲು ಹೊರಟಿದ್ದೆ. ಅದು ನನಗೆ ಈಗ ನೆನಪಾದದ್ದು, ಅವಳಿಗೆ ಆಗ ಏನು ನೆನಪಾಯಿತೋ ನಾನು ಕಾಣೆ.

ಆ ವಾರವೇ ಇರಬೇಕು, ಬಿಳಿ ಪಂಚೆಯ ಯಜಮಾನರೊಬ್ಬರು ಬಂದರು. ಅಲ್ಲಿಯವರೇ, ದಿನಾ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವವರು. ಲೋಟ ಕೈಗೆ ತೆಗೆದುಕೊಂಡು ನನ್ನನ್ನು ನೋಡಿ ನಕ್ಕರು.

"ಏನಮ್ಮ ನಿನ್ನ ಹೆಸರು?"

"ಗೀತಾ."

ಬಾಯಿಂದ ಬಂದುಬಿಟ್ಟಿತು. ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ತರಗತಿಯಲ್ಲಿ ಒಬ್ಬಳು ಗೀತಾ ಇದ್ದಳು, ಅವಳ ಮನೆಯ ಅಂಗಳದಲ್ಲಿ ತುಳಸಿಕಟ್ಟೆ ಇತ್ತು. ಯಜಮಾನರು "ಒಳ್ಳೆ ಹೆಸರು" ಅಂದರು, ಎರಡು ಗುಟುಕು ಕುಡಿದರು, ಅರ್ಧ ಬಿಟ್ಟು ಹೊರಟರು. ಸುಳ್ಳು ಹೇಳಿಯೂ ಅರ್ಧ ಉಳಿದದ್ದು ನನ್ನನ್ನು ಇನ್ನಷ್ಟು ಹೆದರಿಸಿತು. ಅವ್ವ ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅರಸೀಕೆರೆ ಮುಟ್ಟುವವರೆಗೆ ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. ಸಂಜೆ ಊಟಕ್ಕೆ ತಟ್ಟೆ ಇಟ್ಟು ಕರೆದಳು.

"ಗೀತಾ ಅವ್ರೇ, ನಮ್ ಮನೇಲಿ ಮುದ್ದೆ. ಆಗುತ್ತಾ ನಿಮ್ಗೆ?"

ಅಪ್ಪ ನಕ್ಕ, ಆಮೇಲೆ ಅವ್ವನ ಮುಖ ನೋಡಿ ನಿಲ್ಲಿಸಿದ. "ಯಾರವ್ವಾ ಗೀತಾ?" ಎಂದು ಅಜ್ಜಿ ಸುತ್ತ ನೋಡಿದಳು. ಅಲ್ಲಿಂದ ದಿನಗಟ್ಟಲೆ ಅವ್ವ ನನ್ನನ್ನು ಬಹುವಚನದಲ್ಲಿ ಕರೆದಳು. ಗೀತಾ ಅವ್ರೇ ಸ್ನಾನ ಮಾಡ್ತೀರಾ, ಗೀತಾ ಅವ್ರೇ ಚಾಪೆ ಮೇಲೆ ಮಲಗ್ತೀರಾ. ಹಾಸನಕ್ಕೆ ಕಳಿಸುವ ಮೊದಲೇ ನನ್ನನ್ನು ಮನೆಯಿಂದ ಹೊರಗೆ ಹಾಕಿದಂತೆ ಇತ್ತು. ಅತ್ತು ಗೋಗರೆದರೆ ಬಿಡುತ್ತಿದ್ದಳೇನೋ. ನಾನು ಅಳಲಿಲ್ಲ, ಸ್ನಾನ ಮಾಡ್ತೀನಿ ಎಂದು ಮರ್ಯಾದೆಯಿಂದಲೇ ಉತ್ತರ ಕೊಡುತ್ತಿದ್ದೆ. ನಾವಿಬ್ಬರೂ ಒಂದೇ ಮಣ್ಣಿನವರು.

ಮಾದಿಹಳ್ಳಿಯ ಡೇರಿಯಲ್ಲಿ ಹಾಲು ಅಳೆಯುತ್ತಿದ್ದವಳು ಚಂದ್ರಕ್ಕ. ದೊಡ್ಡ ದನಿ, ಬಾಯಿತುಂಬ ಎಲೆಅಡಿಕೆ. ಒಂದು ಬೆಳಿಗ್ಗೆ ಅವಳೇ, "ದಿನಾ ನನ್ ಹಾಲು ತಗೊಂಡೋಯ್ತೀರಲ್ಲ, ಒಂದ್ ಲೋಟ ನಂಗೂ ಕೊಡ್ರಮ್ಮಿ" ಅಂದಳು. ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿಕೊಂಡು ಬಂದಳು. ಅವ್ವ ಗಾಡಿಯಲ್ಲೇ ಕಾಫಿ ಮಾಡಿ ಕೊಟ್ಟಳು. ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದವರೆಲ್ಲ ನೋಡುತ್ತಿದ್ದರು. ಚಂದ್ರಕ್ಕ ಒಂದು ಗುಟುಕು ಕುಡಿದಳು. ಎರಡು ಕುಡಿದಳು. ಮುಖ ಕಿವುಚಿ ಲೋಟವನ್ನು ಕ್ಯಾನಿನ ಮುಚ್ಚಳದ ಮೇಲಿಟ್ಟಳು.

ಅವ್ವನಿಗೆ ಅದು ಎಷ್ಟನೆಯ ಅರ್ಧ ಲೋಟವೋ. ಗಾಡಿಯಿಂದ ಇಳಿದೇಬಿಟ್ಟಳು.

"ಯಾಕ್ ಬುಟ್ರಿ? ಹೇಳ್ರಿ. ಎಲ್ರೂ ಬುಟ್ಟೋಯ್ತಾರೆ, ಒಬ್ರೂ ಬಾಯಿ ಬುಡಲ್ಲ. ನಾವ್ಯಾರು ಅಂತ ಗೊತ್ತಾಯ್ತಾ? ಹೌದು, ನಾವು ಅವ್ರೇ. ಏನೀಗ?"

ಅಪ್ಪ ಗಾಡಿ ಸ್ಟಾರ್ಟ್ ಮಾಡಲು ಕೈ ಹಾಕಿದ್ದ. ಚಂದ್ರಕ್ಕ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಯಾರಾದ್ರೆ ನಂಗೇನೇ! ನಿನ್ ಕಾಫಿ ಉಪ್ಪು ಕಣೇ ತಾಯಿ! ಉಪ್ಪು! ಸಕ್ರೆ ಅಂತ ಉಪ್ ಸುರ್ದಿದ್ದೀಯಾ?"

ಅವ್ವ ಅದೇ ಪಾತ್ರೆಯಿಂದ ಒಂದು ಲೋಟ ಹುಯ್ದುಕೊಂಡು ಪೂರ್ತಿ ಕುಡಿದಳು. ಅಪ್ಪ ಕುಡಿದ. ನಾನೂ ಕುಡಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಪ್ಪಿಲ್ಲ. ಕಾಫಿ ಕಾಫಿಯ ಹಾಗೇ ಇತ್ತು. ಸಾಲಿನಲ್ಲಿದ್ದ ಮುದುಕನೊಬ್ಬ ತಾನೂ ಒಂದು ಗುಟುಕು ಕುಡಿದು, "ಎಲ್ಲಿ ನೀರ್ಲಾ ಇದು?" ಎಂದು ಅಪ್ಪನನ್ನು ಕೇಳಿದ. ಬೋರಿನದು, ನಮ್ಮ ಬೀದಿಯದು, ಹುಟ್ಟಿದಾಗಿನಿಂದ ಅದನ್ನೇ ಕುಡಿಯುವುದು. ನಮ್ಮ ಮನೆಯ ಬೇಳೆ ಬೇಗ ಬೇಯುತ್ತಿರಲಿಲ್ಲ, ಸೋಪು ನೊರೆ ಕಟ್ಟುತ್ತಿರಲಿಲ್ಲ, ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಲೋಕದಲ್ಲಿ ನೀರೆಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆವು. ಚಂದ್ರಕ್ಕ ತನ್ನ ಬಿಂದಿಗೆಯಿಂದ ನೀರು ಬಗ್ಗಿಸಿ ಕೊಟ್ಟಳು. ಕುಡಿದರೆ ಬಾಯಲ್ಲಿ ಏನೂ ಇಲ್ಲ, ಸಪ್ಪೆ, ಗಾಳಿ ನುಂಗಿದ ಹಾಗೆ.

ಇದನ್ನು ನಮ್ಮವರಿಗೆ ಹೇಳಿದಾಗೆಲ್ಲ ಅವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಜಾತಿ ಅಂದುಕೊಂಡಿದ್ದೆವು, ನೀರು ಅಂತ ಗೊತ್ತಾಯಿತು ಎಂದು ಕತೆ ಮುಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೆಲವು ಸಲ ನಾನೇ ಹಾಗೆ ಮುಗಿಸಿದ್ದೇನೆ, ಕೇಳುವವರಿಗೆ ಹಿತವಾಗಲಿ ಎಂದು. ಚಂದ್ರಕ್ಕನ ಕೊಳಾಯಿಯ ನೀರಿನಲ್ಲಿ ಡಿಕಾಕ್ಷನ್ ಇಳಿಸತೊಡಗಿದ ಮೇಲೆ ಲೋಟಗಳು ಖಾಲಿಯಾಗಿ ಬರತೊಡಗಿದವು, ಅದು ನಿಜ. ಆದರೆ ಆಮೇಲೂ ದಿನಕ್ಕೆ ಒಂದೋ ಎರಡೋ ಅರ್ಧ ಉಳಿಯುತ್ತಿದ್ದವು. ಅವು ಯಾವುವು? ಮೊದಲಿನವುಗಳಲ್ಲಿ ಎಷ್ಟು ನೀರಿನವು, ಎಷ್ಟು ಬೇರೆಯವು? ಬಕೆಟ್ಟಿಗೆ ಸುರಿದ ಮೇಲೆ ಎಲ್ಲ ಒಂದೇ ಬಣ್ಣ.

ಅವ್ವನ ಕಷ್ಟ ಬೇರೆ ತರಹದ್ದು. ಈಗ ಅವಳು ಮಾಡುತ್ತಿದ್ದ ಕಾಫಿಯ ರುಚಿ ಅವಳಿಗೇ ತಿಳಿಯುತ್ತಿರಲಿಲ್ಲ. ಅವಳ ನಾಲಿಗೆಗೆ ಅದು ನೀರುನೀರು. ದಿನಾ ಬೆಳಿಗ್ಗೆ ಡೇರಿಯ ಮುಂದೆ ಗಾಡಿ ನಿಲ್ಲಿಸಿ ಡಿಕಾಕ್ಷನ್ ಇಳಿಸಿ, ಮೊದಲ ಲೋಟ ಚಂದ್ರಕ್ಕನಿಗೆ ಕೊಟ್ಟು, ಪರೀಕ್ಷೆ ಬರೆದ ಹುಡುಗಿಯಂತೆ ಅವಳ ಮುಖ ನೋಡುತ್ತಿದ್ದಳು. ಚಂದ್ರಕ್ಕ "ಹೂಂ, ನಡೀರಿ" ಅಂದ ಮೇಲೆಯೇ ಹೊರಡುವುದು. ಒಂದು ದಿನ ಅವಳು ಊರಲ್ಲಿರಲಿಲ್ಲ. ಅವ್ವ ಆವತ್ತು ಪೂರ್ತಿ ಪ್ರತಿ ಗಿರಾಕಿಯ ಮುಖ ನೋಡುತ್ತಲೇ ಕಾಫಿ ಬೆರೆಸಿದಳು.

ಯಜಮಾನರು ಮತ್ತೆ ಬಂದರು. ಈ ಸಲ ಪೂರ್ತಿ ಕುಡಿದರು. "ಈಗ ಸರಿಯಾಯ್ತು ನೋಡು ಗೀತಾ" ಅಂದರು. ಮರುದಿನವೂ ಬಂದರು, ಅದರ ಮರುದಿನವೂ. ಗೆಳೆಯರನ್ನೂ ಕರೆತಂದರು. ದಿನಾ ಗೀತಾ, ಗೀತಾ. ಮನೆಯಲ್ಲಿ ಅದೇ ಹೆಸರಿನಿಂದ ನನ್ನನ್ನು ಚುಚ್ಚುತ್ತಿದ್ದ ಅವ್ವ ಅಲ್ಲಿ ಒಂದು ಸಲವೂ ತಿದ್ದಲಿಲ್ಲ. ಹಾಲಿನ ಪಾತ್ರೆಯೊಳಗೆ ಕಣ್ಣಿಟ್ಟು ಸೌಟು ತಿರುಗಿಸುತ್ತಿದ್ದಳು. ರಜೆ ಮುಗಿಯುವುದರೊಳಗೆ ಲೋಟಗಳು ಖಾಲಿಯಾಗಬೇಕಿತ್ತು, ಅವಳಿಗೂ ಅಷ್ಟೇ ಭಯ. ನಾವು ಒಬ್ಬರ ಸುಳ್ಳನ್ನು ಒಬ್ಬರು ಹಿಡಿದುಹಾಕಿದ್ದೆವು, ಇಬ್ಬರೂ ಆ ಮಾತು ಎತ್ತಲಿಲ್ಲ. ಮನೆಯಲ್ಲಿ ಬಹುವಚನ ಮಾತ್ರ ನಿಂತಿತು.

ಶಾಲೆ ಶುರುವಾಗುವ ಹಿಂದಿನ ಭಾನುವಾರ ಮಾವ ಹಾಸನದಿಂದ ನೇರ ಹಳೇಬೀಡಿಗೇ ಬಸ್ಸಿನಲ್ಲಿ ಬಂದ. ಕಾಫಿ ನಡೆಯುತ್ತಿದೆಯೋ ಇಲ್ಲವೋ ಕಣ್ಣಾರೆ ನೋಡುತ್ತೇನೆ, ಇಲ್ಲವೆಂದರೆ ಅಲ್ಲಿಂದಲೇ ಮಗುವನ್ನು ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದ. ಅದಕ್ಕೆ ಅಜ್ಜಿ ನನ್ನ ಬಟ್ಟೆಗಳನ್ನು ಒಂದು ಬಟ್ಟೆಚೀಲಕ್ಕೆ ತುಂಬಿ ಗಾಡಿಯಲ್ಲಿಟ್ಟಿದ್ದಳು. ಅವ್ವ ಬೇಡ ಅನ್ನಲಿಲ್ಲ. ನಾನು ಇಡೀ ಬೆಳಿಗ್ಗೆ ಆ ಚೀಲಕ್ಕೆ ಬೆನ್ನು ಹಾಕಿ ಲೋಟ ತೊಳೆದೆ. ಮಾವ ಮರದಡಿ ನಿಂತು ನೋಡುತ್ತಿದ್ದ. ಖಾಲಿ ಲೋಟಗಳು ಬರುತ್ತಲೇ ಇದ್ದವು. ಅವನ ಮುಖ ಸಡಿಲವಾಗುತ್ತಾ ಬಂದಿತ್ತು. ಆಗ ಯಜಮಾನರು ಇಬ್ಬರು ಗೆಳೆಯರೊಂದಿಗೆ ಬಂದರು.

"ಗೀತಾ, ಮೂರು ಕಾಫಿ ಕೊಡಮ್ಮ."

ಅವ್ವ ಕೊಟ್ಟ ಕಾಫಿಯನ್ನು ಅವರು ಕುಡಿಯುತ್ತಿರುವಾಗ ಬಂದ ಒಂದು ಮಾತು ಯಾರದ್ದೆಂದು ನನಗೆ ಗೊತ್ತಿಲ್ಲ. ನಾನು ಇದನ್ನು ಹಲವು ಕಡೆ ಹೇಳಿದ್ದೇನೆ, ಹೇಳಿದಾಗೆಲ್ಲ ಆ ಮಾತು ನನ್ನದೇ: ಕೈ ಒರೆಸಿಕೊಂಡು, ತಲೆಯೆತ್ತಿ, 'ನನ್ನ ಹೆಸರು ಗೌತಮಿ' ಅಂದೆ. ಹೋದ ವರ್ಷ ಒಂದು ಮದುವೆಯ ಮನೆಯಲ್ಲಿ ಹಾಗೆ ಹೇಳುತ್ತಿರುವಾಗ ಪಕ್ಕದಲ್ಲೇ ಕೂತಿದ್ದ ಮಾವ ನಕ್ಕುಬಿಟ್ಟ. "ನೀನೆಲ್ಲಿ ಅಂದೆ? ಗೀತಾ ಯಾರ್ರೀ, ನಮ್ಮ ಗೌತಮಿ ಅಲ್ವಾ ಅಂತ ನಾನ್ ಅಂದಿದ್ದು. ನಂಗೇನ್ ಗೊತ್ತು ನಿಮ್ ನಾಟಕ." ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ಇಬ್ರೂ ಬಾಯಿ ಮುಚ್ಕಂಡು ನಿಂತಿದ್ರಿ. ನಾನೇ ಹೇಳಿದ್ದು" ಅಂದಳು. ಅಪ್ಪ ಈಗ ಇಲ್ಲ, ಕೇಳಲು.

ಯಾರೇ ಹೇಳಿರಲಿ, ಹೇಳಿದ್ದಾಯಿತು. ಯಜಮಾನರು ನನ್ನನ್ನು, ಅವ್ವನನ್ನು, ಮಾವನನ್ನು ನೋಡಿದರು. ಸಿಟ್ಟಾಗಲಿಲ್ಲ. ಲೋಟದಲ್ಲಿ ಅರ್ಧ ಇತ್ತು. ಬಹಳ ಮೆಲ್ಲಗೆ, ಸದ್ದಾಗದ ಹಾಗೆ ಹಲಗೆಯ ಮೇಲಿಟ್ಟು ಹೊರಟರು. ಗೆಳೆಯರಲ್ಲಿ ಒಬ್ಬರು ಅವರ ಹಿಂದೆ ಹೋದರು. ಇನ್ನೊಬ್ಬರು ನಿಂತು ಪೂರ್ತಿ ಕುಡಿದು, "ಇನ್ನೊಂದು ಅರ್ಧ ಹಾಕಮ್ಮ" ಅಂದರು. ಆವತ್ತಿನ ನೀರು ಮಾದಿಹಳ್ಳಿಯದು. ಚಂದ್ರಕ್ಕ ಹೂಂ ಅಂದಿದ್ದಳು.

ಮಾವ ಮರದಡಿಯಿಂದ ಗಾಡಿಯ ಹತ್ತಿರ ಬಂದ. ದನಿ ತಗ್ಗಿಸಿ ಅಂದ:

"ನೋಡ್ದಾ? ಇದನ್ನ ದಿನಾ ನೋಡ್ಕಂಡ್ ಬೆಳೀಬೇಕಾ ಮಗು? ಕಾಫಿ ನೀನ್ ಮಾಡ್ಕೋ, ಬ್ಯಾಡ ಅನ್ನಲ್ಲ. ಅವಳನ್ನ ಕಳ್ಸು."

ಅವ್ವ ಆ ಅರ್ಧ ಲೋಟವನ್ನು ಎತ್ತಿ ತಾನೇ ಬಕೆಟ್ಟಿಗೆ ಸುರಿದಳು.

"ನಿಮ್ಮೂರಲ್ಲಿ ಯಾರೂ ಅರ್ಧ ಬುಡಲ್ವಾ ಅಣ್ಣಯ್ಯ?"

ಮಾವ ಕೆರೆಯ ಕಡೆ ನೋಡಿದ. ಅವನ ಆಫೀಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಅವ್ವನಿಗೆ ಗೊತ್ತಿದ್ದಿರಬೇಕು.

"ಅಲ್ಲಿ ಬುಟ್ರೆ ಇವ್ಳ ಪಕ್ಕದಲ್ಲಿ ನಾನಿರಲ್ಲ" ಅಂದಳು. "ಇಲ್ಲಿ ಇರ್ತೀನಿ."

ಅಷ್ಟರಲ್ಲಿ ದೇವಸ್ಥಾನದ ಕಡೆಯಿಂದ ಪ್ರವಾಸದ ಬಸ್ಸೊಂದು ಬಂದು ಮರದ ಹತ್ತಿರ ನಿಂತಿತು. ಬಾಗಿಲು ತೆರೆಯಿತು, ಜನ ಇಳಿದು ಬಂದೇ ಬಂದರು. ಅವ್ವ ಒಲೆ ದೊಡ್ಡದು ಮಾಡಿ, ತಿರುಗಿ ನೋಡದೆ ಕೂಗಿದಳು:

"ಅಲ್ಲೇನ್ ನೋಡ್ತಾ ನಿಂತಿದ್ಯಾ ಅಣ್ಣಯ್ಯ, ಶರ್ಟ್ ತೋಳು ಮಡ್ಚು. ಲೋಟ ತೊಳಿ. ಗೌತಮೀ, ಸಕ್ರೆ ತಾರೇ!"

ಸಂಜೆ ಮಾವ ತೊಯ್ದ ತೋಳಿನಲ್ಲೇ ಹಾಸನದ ಬಸ್ಸು ಹತ್ತಿದ. ಒಬ್ಬನೇ. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಹಿಂದೆ ಕೂತು ಅರಸೀಕೆರೆಗೆ ಬಂದೆ. ಮನೆಯಲ್ಲಿ ಅಜ್ಜಿ ಬಟ್ಟೆ ತೆಗೆದು ಗೂಟಕ್ಕೆ ಹಾಕುತ್ತೇನೆ ಅಂದಳು, ನಾನು ಬೇಡ ಅಂದೆ. ಶಾಲೆ ಶುರುವಾಯಿತು, ಮಳೆ ಶುರುವಾಯಿತು, ಗಾಡಿಗೆ ಟಾರ್ಪಾಲು ಬಂತು. ನಾನು ಮಾತ್ರ ದಿನಾ ಬೆಳಿಗ್ಗೆ ಸಮವಸ್ತ್ರವನ್ನು ಆ ಚೀಲದಿಂದಲೇ ತೆಗೆದು ಹಾಕಿಕೊಂಡು, ಸಂಜೆ ಮಡಿಸಿ ಮತ್ತೆ ಅದರೊಳಗೇ ಇಡುತ್ತಿದ್ದೆ.